ಗ್ರಾಫ್ ಹಾಳೆಯ ಪೊಟ್ಟಣ

ಇದು ಗೆದ್ದ ಕತೆ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಗೆದ್ದ ಕತೆ ಬೇಕಾದವರು ಶಿಕ್ಷಕರ ದಿನಾಚರಣೆಯ ಭಾಷಣ ಕೇಳಕ್ಕೆ ಹೋಗಲಿ, ಅಲ್ಲಿ ಬೇಕಾದಷ್ಟು ಸಿಗುತ್ತೆ.

ನಾನು ಮನಃಶಾಸ್ತ್ರ ಪಾಠ ಮಾಡೋಳು. ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ ಪಿಯು ಕಾಲೇಜು, ಹೆಸರು ಬೇಡ. ಬೇಸಿಗೆ ಬಂತು ಅಂದ್ರೆ ನಮ್ಮಂಥ ಕಾಲೇಜಿನ ಉಪನ್ಯಾಸಕರಿಗೆ ಅರ್ಧ ರಜೆ ಊರೂರು ತಿರುಗೋದ್ರಲ್ಲೇ ಹೋಗುತ್ತೆ. ಹತ್ತನೇ ಕ್ಲಾಸು ಮುಗಿಸಿದ ಮಕ್ಕಳ ಮನೆ ಹುಡುಕಿಕೊಂಡು ಹೋಗಿ, 'ನಮ್ಮ ಕಾಲೇಜಿಗೆ ಸೇರಿಸಿ' ಅಂತ ಕೇಳ್ಕೋಬೇಕು. ಆ ವರ್ಷ ಪ್ರಾಂಶುಪಾಲರು ಮೀಟಿಂಗ್ ಕರೆದು ಮುಖ ಗಂಟು ಹಾಕ್ಕೊಂಡೇ ಶುರು ಮಾಡಿದರು.

"ಆರ್ಟ್ಸ್‌ಗೆ ಮಕ್ಳು ಬರ್ಲಿಲ್ಲ ಅಂದ್ರೆ ಸೆಕ್ಷನ್ ಮುಚ್ತಾರೆ. ನಿಮ್ಮನ್ನೆಲ್ಲ ಒಂದೊಂದು ದಿಕ್ಕಿಗೆ ಎತ್ತಾಕ್ತಾರೆ. ಆಮೇಲೆ ನನ್ನ ಹತ್ರ ಬಂದು ಅಳ್ಬೇಡಿ."

ಅಳೋ ಪೈಕಿ ಅಲ್ಲ ನಾನು. ನಮ್ಮ ಲ್ಯಾಬಿನ ಅಟೆಂಡರ್ ತನ್ನ ಟಿವಿಎಸ್ ಮೊಪೆಡ್ ತಂದ, ಹಿಂದೆ ನಾನು ಕೂತೆ, ತೊಡೆ ಮೇಲೆ ಕನ್ನಡಿ ಬರಹದ ಹಲಗೆ. ಪ್ರಾಕ್ಟಿಕಲ್‌ನಲ್ಲಿ ನಾವು ಮಕ್ಕಳಿಗೆ ಮಾಡಿಸೋ ಪ್ರಯೋಗದ ಸಾಮಾನು ಅದು. ಒಂದು ಹಲಗೆ, ಅದರ ಎದುರಿಗೆ ನಿಲ್ಲಿಸಿದ ಕನ್ನಡಿ, ಬರೆಯೋ ಕೈ ಕಾಣದ ಹಾಗೆ ಅಡ್ಡಕ್ಕೆ ಒಂದು ತಗಡು. ಹಲಗೆ ಮೇಲೆ ಜೋಡಿ ಗೆರೆಯ ನಕ್ಷತ್ರ ಇರೋ ಹಾಳೆ ಇಡ್ತೀವಿ. ಆ ಎರಡು ಗೆರೆ ನಡುವಿನ ಸಂದೀಲಿ ಪೆನ್ಸಿಲ್ ಓಡಿಸಬೇಕು, ಆದರೆ ಕನ್ನಡಿ ನೋಡ್ಕೊಂಡೇ. ಮೇಲಕ್ಕೆ ಹೋಗು ಅಂದ್ರೆ ಕೈ ಕೆಳಕ್ಕೆ ಬರುತ್ತೆ. ಮೂಲೆ ಬಂದಾಗಂತೂ ಪೆನ್ಸಿಲ್ ಅಲ್ಲೇ ಒದ್ದಾಡುತ್ತೆ. ಮೊದಲ ಸಲ ಎಂಥ ಗಟ್ಟಿಗರೂ ಗೆರೆ ದಾಟಿ ಎಲ್ಲೆಲ್ಲೋ ಹೋಗ್ತಾರೆ, ಮಾಡ್ತಾ ಮಾಡ್ತಾ ತಪ್ಪು ಕಮ್ಮಿ ಆಗುತ್ತೆ. ಬೆಕ್ಕನ್ನ ಪೆಟ್ಟಿಗೇಲಿ ಕೂಡಿಹಾಕಿ, ಅದು ಹೊಡಕೊಂಡು ಬಡಕೊಂಡು ಕೊನೆಗೆ ಅಗುಳಿ ತೆಗೆಯೋದನ್ನ ಹೆಂಗೆ ಕಲೀತು ಅಂತ ನೋಡಿದ ಅಮೆರಿಕದ ಮೇಷ್ಟ್ರೊಬ್ಬ ಇದ್ದಾನಲ್ಲ, ಅವನು ಹೇಳಿದ್ದೂ ಇದನ್ನೇ. ತಪ್ಪು ಮಾಡದೆ ಯಾರೂ ಕಲಿಯಲ್ಲ.

ಬೈರಕೂರಿನ ಕಡೆ ಮಾವಿನ ಕಾಲ. ಜನ ಎಲ್ಲ ತೋಪಿನಲ್ಲೇ. ಹಲಗೆ ಬಿಚ್ಚಿದ್ರೆ ಸಾಕು, ಕಾಯಿ ಕೀಳೋದು ಬಿಟ್ಟು ಬಂದು ಮುತ್ತಿಕೊಳ್ಳೋರು. ಆದರೆ ಯಾರೂ ಕಾಲೇಜಿನ ಮಾತೇ ಎತ್ತಲಿಲ್ಲ. "ಮನಸಲ್ಲಿರೋದು ಹೇಳೋ ಮೇಡಂ ಬಂದವ್ರೆ" ಅಂತ ಸುದ್ದಿ ಹಬ್ಬಿತ್ತು. ಒಬ್ಬ ಅಜ್ಜಿ ಕೈ ಹಿಡಕೊಂಡು, "ನನ್ನ ಚಿನ್ನದ ಓಲೆ ಯಾರ್ ತಗೊಂಡ್ರು ಹೇಳಮ್ಮಾ, ಸೊಸೇನಾ?" ಅಂತ ಕಿವೀಲಿ ಕೇಳಿದಳು. ಇನ್ನೊಬ್ಬ ಯಜಮಾನ, "ಪಿಚ್ಚಿ ಹಿಡಿದೋರಿಗಾ ಈ ಕಾಲೇಜು?" ಅಂದ. ಪಿಚ್ಚಿ ಅಂದ್ರೆ ತೆಲುಗಲ್ಲಿ ಹುಚ್ಚು. "ಹೌದು ಯಜಮಾನ್ರೇ, ಮೊದಲು ನಾನೇ ಅಡ್ಮಿಷನ್ ಆಗಿದೀನಿ" ಅಂದೆ. ಎಲ್ಲ ನಕ್ಕರು. ಮಗನನ್ನ ಸೇರಿಸ್ತೀನಿ ಅಂತ ಒಬ್ಬರೂ ಅನ್ನಲಿಲ್ಲ. ಗಂಡು ಹುಡುಗರು ಆಗಲೇ ಕೋಲಾರದ ಟೊಮ್ಯಾಟೊ ಮಂಡೀಲಿ ಕ್ರೇಟ್ ಎತ್ತಕ್ಕೆ ಹೋಗಿದ್ದರು.

ವಾಪಸ್ ಬರ್ತಾ ನಂಗಲಿ ದಾರೀಲಿ ಮೊಪೆಡ್ ಪಂಚರ್ ಆಯ್ತು. ತಳ್ಳಿಕೊಂಡು, ಕಾಲೇಜಿಗೆ ನಡೆದು ಹೋಗೋಷ್ಟು ದೂರದಲ್ಲಿ, ಹೈವೇ ಪಕ್ಕದ ಒಂದು ಪಂಚರ್ ಅಂಗಡಿಗೆ ಬಂದ್ವಿ. ಅಂಗಡಿಯವನು ಲಾರಿಯ ಟೈರೊಂದರ ಮೇಲೆ ಹತ್ತಿ ನಿಂತು ಸುತ್ತಿಗೆ ಹೊಡೀತಿದ್ದ. ನಮ್ಮ ಟ್ಯೂಬ್ ತಗೊಂಡು ನೀರಿನ ತೊಟ್ಟೀಲಿ ಮುಳುಗಿಸಿ ಗುಳ್ಳೆ ನೋಡಿದ್ದು ಅವನ ಮಗಳು. ಪಕ್ಕದಲ್ಲೇ ಒಂದು ಹಲಗೆ ಹಾಕ್ಕೊಂಡು ಅವಳ ತಾಯಿ ಟೀ, ಹುರಿದ ಕಡಲೆಕಾಯಿ ಮಾರ್ತಿದ್ದಳು. ಹುಡುಗಿಗೆ ಹದಿನಾರೋ ಹದಿನೇಳೋ ಇರಬಹುದು. ಏನ್ ಓದ್ತಿದ್ದೀಯಮ್ಮಾ ಅಂದೆ. ಹತ್ತನೇದ್ರಲ್ಲಿ ಲೆಕ್ಕ ಹೋಯ್ತು ಮಿಸ್, ಬಿಟ್ಟೆ ಅಂದಳು. ನೆಗಡಿ ಆಯ್ತು ಅನ್ನೋರ ಹಾಗೆ ಅಂದಳು.

ಸುಮ್ನೆ ಕೂತಿದ್ದೀನಲ್ಲ ಅಂತ ಕನ್ನಡಿ ಹಲಗೆ ಬಿಚ್ಚಿದೆ. ಅವಳು ಕೈ ಒರೆಸಿಕೊಂಡು ಬಂದು ಕೂತಳು. ಮೊದಲ ಸಲ ಮೂಲೇಲಿ ಸಿಕ್ಕಿಹಾಕ್ಕೊಂಡು, "ಅಯ್ಯೋ, ಇದೇನ್ ಮಿಸ್, ಕೈ ನಂದೇ ಅಲ್ಲ" ಅಂತ ನಕ್ಕಳು. ಟೀ ಕುಡೀತಿದ್ದ ಡ್ರೈವರ್‌ಗಳು ನಕ್ಕರು. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಪೆನ್ಸಿಲ್ ಗೆರೆ ದಾಟಿದ್ದಕ್ಕೆಲ್ಲ ಒಂದೊಂದು ತಪ್ಪು ಅಂತ ನಾನು ಗುರುತು ಹಾಕ್ತಾ ಬಂದೆ. ಐದಾರು ಸಲ ಆಗೋ ಹೊತ್ತಿಗೆ ಆ ಮೂಲೆಗಳನ್ನ ತಿರುಗಿಸೋ ರೀತಿ ನೋಡಿ ನನಗೇ ಖುಷಿ ಆಯ್ತು. "ನೋಡು ಬಾ, ನಿನ್ನ ತಪ್ಪು ಹೆಂಗೆ ಇಳೀತಾ ಬಂತು ಅಂತ ತೋರಿಸ್ತೀನಿ" ಅಂತ ಬ್ಯಾಗಿಂದ ಗ್ರಾಫ್ ಹಾಳೆ ತೆಗೆದೆ. ಕಲಿಕೆಯ ರೇಖೆ ಅಂತೀವಿ ಅದಕ್ಕೆ. ಅದನ್ನ ಎಳೀದೆ ನಮಗೆ ಪ್ರಯೋಗ ಮುಗಿಯೋದೇ ಇಲ್ಲ.

ಹಾಳೆ ನೋಡಿದ್ದೇ ತಡ, ಹುಡುಗಿ ಮುಖದಲ್ಲಿ ರಕ್ತ ಇಳಿದುಹೋಯ್ತು. "ವದ್ದು ಮಿಸ್, ವದ್ದು" ಅಂತ ಕೈ ಅಡ್ಡ ಹಿಡಿದು, ಬೇಡ ಬೇಡ ಅಂತ, ಎದ್ದು ಅಂಗಡಿ ಹಿಂದಕ್ಕೆ ಓಡಿದಳು. ವಾಂತಿ ಮಾಡಿಕೊಳ್ಳೋ ಸದ್ದು ನಮಗೆಲ್ಲ ಕೇಳಿಸ್ತು.

ತಾಯಿ ಹೇಳಿದಳು. ಲೆಕ್ಕದ ಮೇಷ್ಟ್ರು ಒಂದು ದಿನ ಇವಳು ತಪ್ಪಾಗಿ ಎಳೆದ ಗ್ರಾಫ್ ಹಾಳೇನ ಬೆನ್ನಿಗೆ ಪಿನ್ ಮಾಡಿ, ಪ್ರತಿ ಕ್ಲಾಸಿಗೂ ಕಳಿಸಿ, ಎಲ್ಲರಿಗೂ ತೋರಿಸ್ಕೊಂಡು ಬಾ ಅಂದಿದ್ದರಂತೆ. ಆಮೇಲೆ ಪರೀಕ್ಷೇಲಿ ಉತ್ತರ ಪತ್ರಿಕೆ ಜೊತೆ ಆ ಹಾಳೆ ಕೈಗೆ ಬಂದಾಗೆಲ್ಲ ಹೊಟ್ಟೆ ತೊಳೆಸಿ ಎದ್ದು ಬಂದಿದ್ದಾಳೆ. ಅಪ್ಪ ಮತ್ತೆ ಬರೆಸಿದ. ಮತ್ತೆ ಎದ್ದು ಬಂದಳು.

"ಲೆಕ್ಕ ಅವಳ ತಲೆಗೆ ಹತ್ತಲ್ಲ ಮೇಡಂ, ಬಿಟ್ಬಿಡಿ" ಅಂದ ಅಪ್ಪ.

"ನಾನ್ ಎಷ್ಟ್ ಸಲ ಬರೆದ್ರೂ ಅಷ್ಟೇ ಮಿಸ್" ಅಂದಳು ಹುಡುಗಿ, ಬಾಯಿ ತೊಳಕೊಂಡು ಬಂದು.

ಎಷ್ಟು ವರ್ಷದಿಂದ ಬೋರ್ಡಿನ ಮೇಲೆ ಬರೀತಾ ಬಂದಿದ್ದೀನಿ ಇದನ್ನ! ಊಟಕ್ಕೆ ಮುಂಚೆ ಗಂಟೆ ಬಾರಿಸಿ ಬಾರಿಸಿ, ಬರೀ ಗಂಟೆ ಕೇಳಿದರೇ ನಾಯಿ ಜೊಲ್ಲು ಸುರಿಸೋ ಹಾಗೆ ಮಾಡಿದ ರಷ್ಯಾದ ಡಾಕ್ಟರು. ಆಮೇಲೆ ಅಮೆರಿಕದಲ್ಲಿ ಒಂದು ಹಸುಗೂಸಿಗೆ ಬಿಳಿ ಇಲಿ ತೋರಿಸಿ, ಬೆನ್ನ ಹಿಂದೆ ಕಬ್ಬಿಣ ಬಡಿದು ಬಡಿದು, ಇಲಿ ಕಂಡರೆ ಅಳೋ ಹಾಗೆ ಮಾಡಿದ ಮಹಾನುಭಾವರು. ಪರೀಕ್ಷೇಲಿ ಐದು ಮಾರ್ಕಿನ ಪ್ರಶ್ನೆ. ಆ ಮಗುವಿನ ಭಯ ಕೊನೆಗೆ ಬಿಡಿಸಿದರಾ ಅಂದ್ರೆ, ಇಲ್ಲ, ಹಾಗೇ ಬಿಟ್ಟು ಕಳಿಸಿದರು. ಇಲ್ಲಿ ನಮ್ಮ ಹೈವೇ ಪಕ್ಕದಲ್ಲಿ ಅದೇ ಕೆಲಸ ಯಾವ ಪ್ರಯೋಗಾಲಯವೂ ಇಲ್ಲದೆ ನಡೆದಿತ್ತು, ಕಬ್ಬಿಣದ ಬದಲು ಒಂದು ಗುಂಡುಪಿನ್ನು ಸಾಕಾಗಿತ್ತು.

ಆದರೆ ಆಮೇಲೆ ಅಮೆರಿಕದಲ್ಲೇ ಇನ್ನೊಬ್ಬ ಮನಃಶಾಸ್ತ್ರಜ್ಞೆ ಬಂದಳಲ್ಲ, ಮೊಲ ಕಂಡರೆ ಹೆದರೋ ಹುಡುಗನಿಗೆ ತಿಂಡಿ ತಿನ್ನಿಸ್ತಾ, ಮೊಲದ ಪಂಜರಾನ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದು ಭಯ ಬಿಡಿಸಿದಳು. ಆ ಪಾಠ ಯಾರಿಗೂ ನೆನಪಿರಲ್ಲ, ಪರೀಕ್ಷೆಗೆ ಬರಲ್ಲ ನೋಡಿ. ಮರುದಿನ ಪ್ರಾಂಶುಪಾಲರು ಕೊಟ್ಟ ಊರುಗಳ ಕಡೆ ಹೋಗೋದು ಬಿಟ್ಟು, ಮೊಪೆಡ್ ನಂಗಲಿ ಕಡೆ ತಿರುಗಿಸು ಅಂದೆ. ಅಟೆಂಡರ್ ತಿರುಗಿ ನೋಡಿದ. "ಮೇಡಂ, ಒಬ್ಬಳಿಗೋಸ್ಕರ?" ಅಂದ. "ಊರೆಲ್ಲ ತಿರುಗಿ ಎಷ್ಟ್ ಜನಾನ ತಂದ್ವಪ್ಪಾ ನಾವು?" ಅಂದೆ. ಹತ್ತನೇ ಕ್ಲಾಸಿಗೆ ವರ್ಷಕ್ಕೆ ಮೂರು ಸಲ ಪರೀಕ್ಷೆ ಇಡ್ತಾರಲ್ಲ, ಆ ಹುಡುಗೀನ ಉಳಿದಿದ್ದ ಮೂರನೇ ಪರೀಕ್ಷೆಗೆ ಕೂರಿಸಿ, ಪಾಸು ಮಾಡಿಸಿ, ನಮ್ಮ ಕಾಲೇಜಿನ ಬೆಂಚಿನ ಮೇಲೆ ಕೂರಿಸಬೇಕು. ಅದೊಂದೇ ತಲೇಲಿ ಕೂತುಬಿಟ್ಟಿತು.

ನಾನು ಡಾಕ್ಟರ್ ಅಲ್ಲ. ಜಿಲ್ಲಾಸ್ಪತ್ರೇಲಿ ಮನೋವೈದ್ಯೆ ಆಗಿರೋ ಗೆಳತಿಗೆ ಫೋನ್ ಮಾಡಿ ಕೇಳಿದೆ. "ನಿಧಾನ ಮಾಡೇ, ಅವಸರ ಬೇಡ. ಊಟ, ನಿದ್ದೆ ಕೆಟ್ಟರೆ ಇಲ್ಲಿಗೆ ಕರ್ಕೊಂಡು ಬಾ" ಅಂದಳು. ಅಪ್ಪನಿಗೆ ಆ ಮಾತು ಹೇಳಿದ್ದೇ ತಡ, "ಪಿಚ್ಚಿ ಆಸ್ಪತ್ರೆಗಾ? ಏನ್ ಮೇಡಂ ನೀವು!" ಅಂತ ಸ್ಪ್ಯಾನರ್ ಎಸೆದ. ಇಲ್ಲಪ್ಪ, ಬರೀ ಕಡಲೆಕಾಯಿ ತಿನ್ನಿಸ್ತೀನಿ ಅಂದೆ. ಅದು ಸುಳ್ಳೇನಲ್ಲ.

ತಾಯಿ ಹುರಿದ ಕಡಲೆಕಾಯೀನ ನ್ಯೂಸ್ ಪೇಪರ್ ಪೊಟ್ಟಣದಲ್ಲಿ ಕಟ್ಟಿ ಕೊಡ್ತಿದ್ದಳು. ಹುಡುಗಿಗೂ ಅದು ಪ್ರಾಣ. ಅಂಗಡಿ ಹಿಂದಿನ ಮನೇಲಿ ಅವಳನ್ನ ಕೂರಿಸಿ, ಪೊಟ್ಟಣ ಕೈಗೆ ಕೊಟ್ಟು, ಗ್ರಾಫ್ ಹಾಳೇನ ದೂರದ ಗೋಡೆ ಹತ್ರ, ನೀರಿನ ಬಿಂದಿಗೆ ಕೆಳಗೆ, ಒಂದು ಅಂಚು ಮಾತ್ರ ಕಾಣೋ ಹಾಗೆ ಇಟ್ಟೆ. ತಿನ್ನು, ಮಾತಾಡು, ಆ ಕಡೆ ನೋಡ್ಬೇಕಾಗಿಲ್ಲ ಅಂದೆ. ಎದೆ ಹೊಡಕೊಂಡ್ರೆ ಕೈ ಎತ್ತು, ನಾನು ಹಿಂದಕ್ಕೆ ತಗೋತೀನಿ. ದಿನಾ ಬಿಂದಿಗೆ ಸ್ವಲ್ಪ ಈಚೆಗೆ ಬರೋದು. ಒಂದು ದಿನ ಹಾಳೆ ಪೂರ್ತಿ ಹೊರಗೆ ಬಂತು. ಅಟೆಂಡರ್ ಬಾಗಿಲಲ್ಲಿ ಕೂತು, "ಮೇಡಂ, ಹುಡುಗಿಗಿಂತ ನೀವೇ ಜಾಸ್ತಿ ತಿಂತಿದ್ದೀರಿ" ಅಂತ ರೇಗಿಸೋನು.

ಅವಸರ ಬೇಡ ಅಂದಿದ್ದಳಲ್ಲ ಗೆಳತಿ. ನಾನು ಅವಸರ ಮಾಡಿದೆ. ಪರೀಕ್ಷೆ ಹತ್ತಿರ ಬರ್ತಿತ್ತು, ಪ್ರಾಂಶುಪಾಲರು ದಿನಾ ಫೋನ್ ಮಾಡಿ ಅಡ್ಮಿಷನ್ ಎಷ್ಟಾಯ್ತು ಎಷ್ಟಾಯ್ತು ಅಂತಿದ್ದರು. ಒಂದು ಮಧ್ಯಾಹ್ನ ಗ್ರಾಫ್ ಹಾಳೇನೇ ಪೊಟ್ಟಣ ಕಟ್ಟಿ ನೇರ ಕೈಗೆ ಕೊಟ್ಟುಬಿಟ್ಟೆ. ಪೊಟ್ಟಣ ಕೈ ಜಾರಿ ಕಡಲೆಕಾಯಿ ನೆಲಕ್ಕೆಲ್ಲ ಚೆಲ್ತು. ತಿಂದಿದ್ದೆಲ್ಲ ಹೊರಗೆ ಬಂತು. ಅಪ್ಪ ಓಡಿ ಬಂದು, "ಸಾಕು ಮೇಡಂ, ನಿಮ್ಮ ಆಟ" ಅಂದ. ಎರಡು ದಿನ ನಾನು ಆ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ಹೋಗಿ ಬಿಂದಿಗೇನ ಮತ್ತೆ ದೂರದ ಗೋಡೆಗೆ ಸರಿಸಿದೆ.

ಅವತ್ತು ಅವಳಿಗೆ ನಾಯಿಗಳ ಪ್ರಯೋಗ ಹೇಳಿದೆ. "ಕೆಲವು ನಾಯಿಗಳಿಗೆ ಕರೆಂಟ್ ಶಾಕ್ ಕೊಟ್ರಂತೆ, ಏನ್ ಮಾಡಿದ್ರೂ ನಿಲ್ಲದ ಹಾಗೆ. ಆಮೇಲೆ ನಡುವೆ ಗಿಡ್ಡ ಗೋಡೆ ಇರೋ ಪೆಟ್ಟಿಗೇಲಿ ಬಿಟ್ರು. ಒಂದು ನೆಗೆತ ನೆಗೆದ್ರೆ ಆಚೆ ಕಡೆ ಕರೆಂಟ್ ಇಲ್ಲ. ನೆಗೀಲಿಲ್ಲ ಕಣೇ ಅವು. ಎಷ್ಟ್ ಮಾಡಿದ್ರೂ ಅಷ್ಟೇ ಅಂತ ಮುದುರ್ಕೊಂಡು ಮಲಗಿಬಿಟ್ವು."

"ಪಾಪ" ಅಂದಳು. "ಆಮೇಲೆ ಏನ್ಮಾಡಿದ್ರು ಮಿಸ್?"

"ಕುತ್ತಿಗೆ ಬೆಲ್ಟ್ ಹಿಡಿದು ಎಳಕೊಂಡು ಹೋಗಿ ಆಚೆ ದಾಟಿಸಿದ್ರು. ಮತ್ತೆ ಮತ್ತೆ ಎಳೆದ್ರು. ಆಮೇಲೆ ತಾವೇ ನೆಗೆಯಕ್ಕೆ ಶುರು ಮಾಡಿದ್ವು."

ಅವಳು ಬಿಂದಿಗೆ ಕಡೆ ನೋಡಿ, "ಹಂಗಾದ್ರೆ ಎಳೀರಿ ಮಿಸ್" ಅಂದಳು.

ಎಳೆದೆ. ಬಿಂದಿಗೆ ಮತ್ತೆ ಈಚೆ ಬಂತು. ಗ್ರಾಫ್ ಪೊಟ್ಟಣ ಮೊದಲು ತಾಯಿ ಕೈಲಿ, ಆಮೇಲೆ ಚಾಪೆ ಮೇಲೆ, ಆಮೇಲೆ ಅವಳ ಮಡಿಲಲ್ಲಿ. ಒಂದು ದಿನ ಮಾತಿನ ಭರದಲ್ಲಿ ಅದರೊಳಗೆ ಕೈ ಹಾಕಿ ತಿಂತಾ ಕೂತಿದ್ದಳು, ಗೊತ್ತೇ ಆಗಿರಲಿಲ್ಲ ಅವಳಿಗೆ. ಹಳೇ ಪ್ರಾಕ್ಟಿಕಲ್ ಕಟ್ಟುಗಳಿಂದ ಒಂದು ಹೊರೆ ಗ್ರಾಫ್ ಹಾಳೆ ತಂದು ತಾಯಿಗೆ ಕೊಟ್ಟೆ, ಇನ್ನು ಮೇಲೆ ಇದ್ರಲ್ಲೇ ಕಟ್ಟಿ ಅಂತ. ಡ್ರೈವರ್‌ಗಳೆಲ್ಲ ಗ್ರಾಫ್ ಪೊಟ್ಟಣದಲ್ಲಿ ಕಡಲೆಕಾಯಿ ತಗೊಂಡು ಚಿತ್ತೂರಿಗೆ ಹೋದರು.

ಆಮೇಲೆ ಅವಳ ಕೈಗೆ ಪೆನ್ಸಿಲ್ ಕೊಟ್ಟು, ಕನ್ನಡಿ ಹಲಗೇಲಿ ಮೊದಲ ದಿನ ಮಾಡಿದ ತಪ್ಪುಗಳನ್ನ ಅವಳಿಂದಲೇ ಗ್ರಾಫ್ ಮೇಲೆ ಗುರುತು ಹಾಕಿಸಿದೆ. ಚುಕ್ಕಿ ಚುಕ್ಕಿ ಸೇರಿಸಿದಳು. ಮೇಲಿಂದ ಧಡಾರ್ ಅಂತ ಇಳಿದು, ಆಮೇಲೆ ನಿಧಾನಕ್ಕೆ ನೆಲ ಮುಟ್ಟೋ ಗೆರೆ. ಪಠ್ಯಪುಸ್ತಕದಲ್ಲಿರೋ ಹಾಗೇ ಬಂತು. "ಇದು ನಂದಾ ಮಿಸ್?" ಅಂದಳು. ನಿಂದೇ ಅಂದೆ. ಕೆಳಗೆ ಹೆಸರು ಬರೆದಳು, ಬಿಂದಿಗೆ ಮೇಲಿನ ಗೋಡೆಗೆ ಅನ್ನದ ಅಗುಳಲ್ಲಿ ಅಂಟಿಸಿದಳು. ಪರೀಕ್ಷೆಗೆ ಬರೋ ಸಮೀಕರಣದ ಗ್ರಾಫ್ ಲೆಕ್ಕ ನನಗೂ ಮರೆತುಹೋಗಿತ್ತು. ಗಣಿತದ ಸಹೋದ್ಯೋಗಿ ಹತ್ರ ಕಲಿತುಕೊಂಡು ಬಂದು ಅವಳ ಜೊತೇಲೇ ಎಳೆದೆ.

ಇಷ್ಟೆಲ್ಲ ಆಗೋವಾಗ ನನಗೆ ಹಂಚಿದ ಊರುಗಳು ಹಾಗೇ ಉಳಿದಿದ್ದವು. ಕಾಲೇಜು ಶುರು ಆದಾಗ ಪ್ರಥಮ ಪಿಯು ಆರ್ಟ್ಸ್ ಕೋಣೇಲಿ ಎರಡು ಬೆಂಚು ತುಂಬೋಷ್ಟು ಮಕ್ಕಳಿದ್ದರು. ಹುಡುಗಿ ಮೂರನೇ ಪರೀಕ್ಷೆ ಬರೆದು ಬಂದು, "ಗ್ರಾಫ್ ಮೊದಲು ಮಾಡಿದೆ ಮಿಸ್!" ಅಂತ ಫೋನಲ್ಲಿ ಕೂಗಿದ ದಿನವೇ ಪ್ರಾಂಶುಪಾಲರು ನನ್ನ ಕರೆದರು. ಎಷ್ಟು ಮಕ್ಕಳು ಸೇರಿದರು ಅಂತ ಮೇಲಿನವರಿಗೆ ಲೆಕ್ಕ ಕಳಿಸೋ ದಿನ.

"ಸಾರ್, ಫಲಿತಾಂಶ ಬರ್ಲಿ, ಮೂರನೇ ಪರೀಕ್ಷೆ ಬರೆದೋರು ಬರ್ತಾರೆ. ಸ್ವಲ್ಪ ತಡೀರಿ."

"ಎಷ್ಟು ಜನ ಬರ್ತಾರೆ?"

"ಒಬ್ಬಳಂತೂ ಬರ್ತಾಳೆ."

ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ಒಬ್ಬಳು! ನಿಮ್ಮ ಪಾಲಿಗೆ ಕೊಟ್ಟ ಊರುಗಳಿಂದ ಒಂದು ತಲೇನೂ ಬಂದಿಲ್ಲ. ಬೇರೆಯೋರೆಲ್ಲ ಬಿಸಿಲಲ್ಲಿ ಸುತ್ತಿದ್ರು, ನೀವು ಪಂಚರ್ ಅಂಗಡೀಲಿ ಕಡ್ಲೆಕಾಯಿ ತಿಂತಾ ಕೂತಿದ್ರಿ. ಎಲ್ಲ ಗೊತ್ತು ನನಗೆ."

ಆ ಊರುಗಳಿಗೆ ಹೋಗಿದ್ದರೆ ಮಕ್ಕಳು ಬರ್ತಿದ್ದರಾ? ಗೊತ್ತಿಲ್ಲ. ಬರ್ತಿರಲಿಲ್ಲ ಅಂತ ಎದೆ ಮುಟ್ಟಿ ಹೇಳಕ್ಕೂ ಆಗಲ್ಲ. ಇವತ್ತಿಗೂ ಒಂದೊಂದು ದಿನ ಊಟದ ನಡುವೆ ಅದು ನೆನಪಾಗಿ ಕೈ ನಿಂತುಹೋಗುತ್ತೆ.

ಆರ್ಟ್ಸ್ ಮುಚ್ಚೋ ಆರ್ಡರ್ ಬಂತು. ಇದ್ದ ಮಕ್ಕಳನ್ನ ಮುಳಬಾಗಿಲ ಕಾಲೇಜಿಗೆ ಸೇರಿಸಿದರು. ನನ್ನನ್ನ ಹಾಕಿದ್ದು ಶ್ರೀನಿವಾಸಪುರಕ್ಕೆ. ಲ್ಯಾಬಿನ ಸಾಮಾನನ್ನ ಗೂಡ್ಸ್ ಆಟೋಗೆ ಏರಿಸ್ತಿದ್ದಾಗ ಗೇಟಲ್ಲಿ ಆ ಹುಡುಗಿ ಬಂದಳು. ತಲೆಗೆ ಮಲ್ಲಿಗೆ, ಇಸ್ತ್ರಿ ಮಾಡಿದ ಚೂಡಿದಾರ್, ಕೈಲಿ ಮಾರ್ಕ್ಸ್ ಕಾರ್ಡ್. ಲೆಕ್ಕದಲ್ಲಿ ಪಾಸು. ನಾನು ಅವಳನ್ನ ತಬ್ಬಿಕೊಂಡೆ. ತಬ್ಬಿಕೊಂಡೇ ಆರ್ಟ್ಸ್ ಮುಚ್ಚಿದ ಸುದ್ದಿ ಹೇಳಬೇಕಾಯ್ತು, ಮುಖ ನೋಡಿ ಹೇಳೋ ಶಕ್ತಿ ಇರಲಿಲ್ಲ.

ಆಟೋ ಕಡೆ ನೋಡಿದಳು. ಕನ್ನಡಿ ಹಲಗೇನ ಹಗ್ಗದಲ್ಲಿ ಕಟ್ಟಿದ್ದರು.

"ಮಿಸ್, ಆಚೆ ಕಡೆ ಕರೆಂಟ್ ಇರಲ್ಲ ಅಂದಿದ್ರಿ" ಅಂದಳು.

ಕೋಪದಲ್ಲಿ ಅಂದಿದ್ದರೆ ತಡಕೋಬಹುದಿತ್ತು. ಸುಮ್ಮನೆ ಕೇಳಿದಳು, ಪಾಠದಲ್ಲಿ ಅನುಮಾನ ಬಂದವರು ಕೇಳೋ ಹಾಗೆ.

ಅಂದೇ ಅವಳ ಜೊತೆ ಅಂಗಡಿಗೆ ಹೋದೆ. ಮುಳಬಾಗಿಲಿಗೆ ಸೇರಿಸಿ, ಬಸ್ ಇದೆಯಲ್ಲ ಅಂದೆ. ಅಪ್ಪ ಕೈಗೆ ಹತ್ತಿದ ಗ್ರೀಸನ್ನ ಬಟ್ಟೆಗೆ ಒರೆಸಿಕೊಂಡ. ಅವನು ಕೆಟ್ಟವನಲ್ಲ, ಅದೇ ಕಷ್ಟ.

"ಮೇಡಂ, ನಿಮ್ ಕಾಲೇಜು ಕಣ್ಣಿಗೆ ಕಾಣ್ತಿತ್ತು, ಅದಕ್ಕೇ ಹೂಂ ಅಂದಿದ್ದೆ. ಬಸ್ ತಪ್ಪಿದ್ರೆ ಕತ್ತಲಾಗೋವರೆಗೂ ಈ ರೋಡಲ್ಲಿ ನಿಲ್ಬೇಕು ಅವಳು. ಇಲ್ಲಿ ನಿಲ್ಲೋ ಲಾರಿ ಜನ ಎಂಥೋರು ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ನೀವು ಅಲ್ಲಿರ್ತೀರಾ? ಹೇಳಿ, ಕಳಿಸ್ತೀನಿ."

"ನನ್ನ ಶ್ರೀನಿವಾಸಪುರಕ್ಕೆ ಹಾಕಿದ್ದಾರೆ."

"ಮತ್ತೆ?" ಅಂದ. ಅಷ್ಟೇ ಅಂದ.

ಹುಡುಗಿಗೆ ನೀನೇ ಕೇಳು, ಹಟ ಹಿಡಿ ಅಂತ ಕಣ್ಸನ್ನೆ ಮಾಡಿದೆ. ಅವಳು ತೊಟ್ಟಿ ಹತ್ರ ಕೂತು ಯಾರದೋ ಟ್ಯೂಬ್ ನೀರಿಗೆ ಅದ್ದುತ್ತಿದ್ದಳು. ತಲೆ ಎತ್ತಲಿಲ್ಲ.

ದಸರಾ ರಜೇಲಿ ನನ್ನ ಸಂಬಳದ ಒಂದು ಸರ್ಟಿಫಿಕೇಟ್ ತಗೊಳ್ಳಕ್ಕೆ ಹಳೇ ಕಾಲೇಜಿಗೆ ಬರಬೇಕಾಯ್ತು. ವಾಪಸ್ ಹೋಗ್ತಾ ಅಂಗಡಿ ಮುಂದೆ ಇಳಿದೆ. ಟೀ ಹಲಗೆ ಹಿಂದೆ ಈಗ ಅವಳೇ ನಿಂತಿದ್ದಳು, ತಾಯಿಗೆ ಮಂಡಿ ನೋವಂತೆ. ನನ್ನ ನೋಡಿ ನಕ್ಕಳು. ಟೀ ಕೊಟ್ಟಳು. ಓದಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ ಬಂತು ಅಂದಾಗ, "ಮಿಸ್, ತಡೀರಿ" ಅಂತ ಒಂದು ಗ್ರಾಫ್ ಹಾಳೇನ ಎರಡೇ ಸುತ್ತಿನಲ್ಲಿ ಚೂಪಾಗಿ ಸುತ್ತಿ, ಕಡಲೆಕಾಯಿ ತುಂಬಿ ಕೈಗಿಟ್ಟಳು. ಅವಳ ಬೆರಳು ಚೂರೂ ನಡುಗಲಿಲ್ಲ. ಆ ಮಟ್ಟಿಗೆ ನನ್ನ ಕೆಲಸ ಅಚ್ಚುಕಟ್ಟಾಗಿ ಆಗಿತ್ತು.

"ನೀವು ಕೊಟ್ಟಿದ್ದು ಇದೇ ಕೊನೇದು ಮಿಸ್" ಅಂದಳು. "ನ್ಯೂಸ್ ಪೇಪರ್‌ಗಿಂತ ಗಟ್ಟಿ, ಹರಿಯಲ್ಲ."

ಬಸ್ಸಲ್ಲಿ ಕೂತು, ಅರ್ಧ ಕಡಲೆಕಾಯಿ ಆದ ಮೇಲೆ ಪೊಟ್ಟಣ ಬಿಚ್ಚಿಕೊಂಡಿತು. ಮೇಲಿಂದ ಧಡಾರ್ ಅಂತ ಇಳಿದು ನೆಲ ಮುಟ್ಟೋ ಪೆನ್ಸಿಲ್ ಗೆರೆ, ಕೆಳಗೆ ಅವಳ ಹೆಸರು, ಮೂಲೇಲಿ ಒಣಗಿದ ಅನ್ನದ ಅಗುಳು.